ಸ್ಪೆಕ್ ಹಳತಾಗುತ್ತದೆ, ಸದ್ದು ಹಳತಾಗದು

ಜರ್ಮನಿಯ ಸ್ಟಟ್‌ಗಾರ್ಟ್ ನಗರದ ಝುಫನ್‌ಹೌಸನ್‌ನಲ್ಲಿ ಪೋಶೆ ಕಂಪನಿಯ ಕಾರ್ಖಾನೆ ಇದೆ. ಅಲ್ಲಿ ತಯಾರಾಗುವ ಎರಡು ಸ್ಪೋರ್ಟ್ಸ್ ಕಾರುಗಳ ಕಥೆ ಕೇಳಿ. ಒಂದು, 1963ರಲ್ಲಿ ಮೊದಲು ಪ್ರದರ್ಶನಗೊಂಡ, ಹಿಂಬದಿಯಲ್ಲಿ ಎಂಜಿನ್ ಇರುವ 911. ಇನ್ನೊಂದು, 2019ರಲ್ಲಿ ಬಂದ ಟೈಕಾನ್. ಅದು ಕಂಪನಿಯ ಮೊದಲ ಪೂರ್ಣ ಎಲೆಕ್ಟ್ರಿಕ್ ಕಾರು. ಎರಡಕ್ಕೂ ಲೋಗೊ ಒಂದೇ, ಮನೆತನ ಒಂದೇ. ಆದರೆ ಐದು ವರ್ಷ ಓಡಿಸಿ ಮಾರಲು ಹೊರಟರೆ ಎರಡರ ಹಣೆಬರಹವೂ ಬೇರೆ ಬೇರೆ.

ಅಮೆರಿಕದಲ್ಲಿ ಬಳಸಿದ ಕಾರುಗಳ ಬೆಲೆ ವಿಶ್ಲೇಷಿಸುವ ಐಸೀಕಾರ್ಸ್ ಸಂಸ್ಥೆಯ 2025ರ ಲೆಕ್ಕದ ಪ್ರಕಾರ, ಐದು ವರ್ಷಗಳಲ್ಲಿ ಟೈಕಾನ್ ಸುಮಾರು ಶೇ 60ರಷ್ಟು ಬೆಲೆ ಕಳೆದುಕೊಳ್ಳುತ್ತದೆ. 911 ಕಳೆದುಕೊಳ್ಳುವುದು ಶೇ 20ಕ್ಕಿಂತ ಕಡಿಮೆ. ಅಂದರೆ ಕೋಟಿ ರೂಪಾಯಿಯ ಕಾರು ಎಂದುಕೊಂಡರೆ ಒಂದು 40 ಲಕ್ಷಕ್ಕೆ ಇಳಿಯುತ್ತದೆ, ಇನ್ನೊಂದು 80 ಲಕ್ಷದ ಮೇಲೆಯೇ ನಿಲ್ಲುತ್ತದೆ!

ನಮ್ಮ ಹಾಸ್ಟೆಲಿನಲ್ಲಿ ಸ್ಪೋರ್ಟ್ಸ್ ಕಾರಿನ ಮಾತು ಬಂತೆಂದರೆ ಅದು ಸ್ಪೆಕ್‌ಗಳ ಯುದ್ಧ. ಎಷ್ಟು ಹಾರ್ಸ್‌ಪವರ್, ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡ್, ಎಷ್ಟು ಕಿಲೋವ್ಯಾಟ್ ಚಾರ್ಜಿಂಗ್? ಬಿಇ ಓದುವ ನಮಗೆ ಅಂಕಿಗಳೆಂದರೆ ಪ್ರೀತಿ. ಆದರೆ ಅಂಕಿಗಳಲ್ಲೇ ಗೆಲ್ಲುವ ಕಾರು ಮಾರುಕಟ್ಟೆಯಲ್ಲಿ ಯಾಕೆ ಸೋಲುತ್ತದೆ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿತು.

ಹೊಸದು ಬಂದ ದಿನ ಹಳೆಯದಕ್ಕೆ ಏನಾಯಿತು?

ಟೈಕಾನ್ ಕೆಟ್ಟ ಕಾರಲ್ಲ. 800 ವೋಲ್ಟ್ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದ ಮೊದಲಿಗರಲ್ಲಿ ಅದೂ ಒಂದು. 2021ರಲ್ಲಿ 41,296 ಟೈಕಾನ್‌ಗಳು ಮಾರಾಟವಾದವು. ಅದೇ ವರ್ಷ 911 ಮಾರಾಟವಾದದ್ದು 38,464. ಮಗ ಅಪ್ಪನನ್ನೇ ಮೀರಿಸಿದ ಎಂದು ಎಲ್ಲರೂ ಅಂದುಕೊಂಡರು. ಮೂರು ವರ್ಷ ಕಳೆಯಿತು. 2024ರಲ್ಲಿ ಟೈಕಾನ್ ಮಾರಾಟ ಒಂದೇ ವರ್ಷದಲ್ಲಿ ಶೇ 49ರಷ್ಟು ಕುಸಿದು 20,836ಕ್ಕೆ ಬಂತು. 911 ಮಾತ್ರ 50,941ಕ್ಕೆ ಏರಿತು.

ಅದೇ 2024ರಲ್ಲಿ ಸುಧಾರಿತ ಟೈಕಾನ್ ಬಂತು. ದೊಡ್ಡ ಬ್ಯಾಟರಿ 93.4ರಿಂದ 105 ಕಿಲೋವ್ಯಾಟ್ ಅವರ್‌ಗೆ ಏರಿತು. ಶೇ 10ರಿಂದ 80ರವರೆಗೆ ಚಾರ್ಜ್ ಆಗಲು ಬೇಕಿದ್ದ ಸಮಯ 18 ನಿಮಿಷಕ್ಕೆ ಇಳಿಯಿತು. ಒಮ್ಮೆ ಚಾರ್ಜ್ ಮಾಡಿದರೆ ಓಡುವ ಗರಿಷ್ಠ ದೂರ 678 ಕಿ.ಮೀ.ವರೆಗೆ ಹೋಯಿತು. ಎಂಜಿನಿಯರ್‌ಗಳಿಗೆ ಇದು ಹೆಮ್ಮೆಯ ಸಂಗತಿ. ಆದರೆ 2020ರ ಟೈಕಾನ್ ಗ್ಯಾರೇಜಿನಲ್ಲಿಟ್ಟುಕೊಂಡವರಿಗೆ? ಅವರ ಕಾರು ಒಂದು ಸ್ಕ್ರೂ ಸಡಿಲವಾಗದಿದ್ದರೂ ಆ ದಿನ ಹಳೆಯ ಮಾಡೆಲ್ ಆಯಿತು. ಹೊಸ ಫೋನ್ ಬಿಡುಗಡೆಯಾದ ದಿನ ನಮ್ಮ ಕೈಯಲ್ಲಿರುವ ಫೋನಿಗೆ ಆಗುವುದು ಇದೇ ತಾನೇ?

ಫೋನಿನ ಹೋಲಿಕೆ ಬರೀ ಮಾತಿಗೆ ಹೇಳಿದ್ದಲ್ಲ. ಚೀನಾದಲ್ಲಿ ಫೋನ್ ಕಂಪನಿ ಶಓಮಿ 2024ರ ಮಾರ್ಚ್‌ನಲ್ಲಿ ಎಸ್‌ಯು7 ಎಂಬ ಎಲೆಕ್ಟ್ರಿಕ್ ಕಾರು ಬಿಡುಗಡೆ ಮಾಡಿತು. ನೋಡಲು ಟೈಕಾನ್‌ನ ತಮ್ಮನಂತಿದ್ದ ಅದರ ಆರಂಭಿಕ ಬೆಲೆ 2,15,900 ಯುವಾನ್, ಟೈಕಾನ್ ಬೆಲೆಯ ಒಂದು ಸಣ್ಣ ಪಾಲು. ಅದೇ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಎಸ್‌ಯು7ಗಳು ಮಾರಾಟವಾದವು. 2021ರಲ್ಲಿ ಚೀನಾದಲ್ಲಿ 95,671 ಕಾರು ಮಾರಿದ್ದ ಪೋಶೆ, 2024ರಲ್ಲಿ 56,887ಕ್ಕೆ ಇಳಿಯಿತು. ವೇಗವನ್ನು ಅಗ್ಗಕ್ಕೆ ಕೊಡುವವರು ಬಂದ ಮೇಲೆ ಬರೀ ವೇಗಕ್ಕೆ ಕೋಟಿ ಕೊಡುವವರು ಯಾರು?

ಅಜ್ಜನ ಎಚ್‌ಎಂಟಿ ಗಡಿಯಾರ

ಅತಿ ವೇಗದ ಎಲೆಕ್ಟ್ರಿಕ್ ಕಾರು ‘ನೆವೆರಾ’ ತಯಾರಿಸಿದ ಕ್ರೊಯೇಷಿಯಾದ ಮಾಟೆ ರಿಮಾಟ್ಸ್ 2024ರಲ್ಲಿ ಒಂದು ಮಾತು ಹೇಳಿದರು. ಸ್ಮಾರ್ಟ್ ವಾಚ್ ಎಲ್ಲ ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ, ಆದರೂ ಜನ ಹೆಚ್ಚು ದುಡ್ಡು ಕೊಡುವುದು ಮೆಕ್ಯಾನಿಕಲ್ ಗಡಿಯಾರಕ್ಕೆ ಎಂಬುದು ಅದರ ಸಾರ. ಅತಿ ಶ್ರೀಮಂತರಿಗೆ ಎಲೆಕ್ಟ್ರಿಕ್ ಹೈಪರ್‌ಕಾರ್ ಬೇಡವಾಗಿದೆ ಎಂಬುದನ್ನು ಅದನ್ನು ತಯಾರಿಸುವವರೇ ಒಪ್ಪಿಕೊಂಡಂತಾಯಿತು.

ನಮ್ಮಲ್ಲೂ ಹಾಗೆಯೇ. ಐದು ವರ್ಷ ಹಳೆಯ ಸ್ಮಾರ್ಟ್ ವಾಚನ್ನು ಯಾರೂ ಮೂಸುವುದಿಲ್ಲ. ಅಜ್ಜನ ಕಾಲದ, ಬೆಂಗಳೂರಿನಲ್ಲಿ ತಯಾರಾದ, ಕೀ ಕೊಡುವ ಎಚ್‌ಎಂಟಿಯನ್ನು ಹುಡುಕಿಕೊಂಡು ಕೊಳ್ಳುವವರಿದ್ದಾರೆ. ಅದು ಹೆಚ್ಚು ನಿಖರ ಎಂದಲ್ಲ, ಅದರಂಥದ್ದು ಮತ್ತೆ ಬರುವುದಿಲ್ಲ ಎಂದು.

ಹಾಗಂತ ಪೆಟ್ರೋಲ್ ಎಂದರೆ ಬೆಲೆ ಉಳಿಯುತ್ತದೆ ಎಂದೇನೂ ಅಲ್ಲ. ಮರ್ಸಿಡಿಸ್-ಎಎಂಜಿ ಸಿ63 ಕಾರಿನಲ್ಲಿ ಮೊದಲು 4 ಲೀಟರ್‌ನ ವಿ8 ಎಂಜಿನ್ ಗುಡುಗುತ್ತಿತ್ತು. ಹೊಸ ಮಾದರಿಯಲ್ಲಿ 2 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್ ಜೊತೆಗೆ ಮೋಟಾರ್ ಇಟ್ಟರು. ಶಕ್ತಿ ಹೆಚ್ಚಿತು, ಗುಡುಗು ಹೋಯಿತು, ಅಭಿಮಾನಿಗಳು ಮುಖ ತಿರುಗಿಸಿದರು. ಇಟಲಿಯ ಮಸೆರಾಟಿ 2023ರಲ್ಲಿ 26,600 ಕಾರು ಮಾರಿ, 2024ರಲ್ಲಿ 11,300ಕ್ಕೆ ಬಿತ್ತು. ಅದೇ ದೇಶದ ಫೆರಾರಿ ಬೇಡಿಕೆಗಿಂತ ಕಡಿಮೆಯೇ ತಯಾರಿಸುವ ಪದ್ಧತಿ ಬಿಡದೆ 13,752 ಕಾರು ಮಾರಿ ನೆಮ್ಮದಿಯಾಗಿತ್ತು.

ನಮಗೂ ಇದಕ್ಕೂ ಏನು ಸಂಬಂಧ?

ಕೋಟಿಯ ಕಾರು ನಮಗೆ ಪೋಸ್ಟರ್ ಮಾತ್ರ. ಆದರೆ ಆ ಕಾರು ಮಾರಾಟವಾಗದಿದ್ದರೆ ಅದರ ಬಿಸಿ ಮೊದಲು ತಟ್ಟುವುದು ಕೆಲಸಗಾರರಿಗೆ. 2029ರೊಳಗೆ ಸ್ಟಟ್‌ಗಾರ್ಟ್ ಭಾಗದಲ್ಲಿ 1,900 ಹುದ್ದೆ ಕಡಿತ ಮಾಡುವುದಾಗಿ ಪೋಶೆ 2025ರಲ್ಲಿ ಪ್ರಕಟಿಸಿತು. ಅದೇ ವರ್ಷ ಕೆಲವು ಎಲೆಕ್ಟ್ರಿಕ್ ಮಾದರಿಗಳನ್ನು ಮುಂದೂಡಿತು. ಮರ್ಸಿಡಿಸ್, ಬಾಷ್‌ನಂಥ ಜರ್ಮನ್ ಕಂಪನಿಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಕಾರಿನ ಯೋಜನೆ ಬದಲಾದರೆ ಇಲ್ಲಿ ಬೇಕಾಗುವ ಕೌಶಲವೂ ಬದಲಾಗುತ್ತದೆ. ಹಾಗಾಗಿ ಬರೀ ಬ್ಯಾಟರಿ ಅಥವಾ ಬರೀ ಎಂಜಿನ್ ಎಂದು ಒಂದೇ ಕೊಂಬೆಗೆ ಜೋತುಬೀಳದೆ, ಎರಡಕ್ಕೂ ಬೇಕಾದ ಕಂಟ್ರೋಲ್ ಸಿಸ್ಟಮ್ಸ್, ಥರ್ಮಲ್, ಎಂಬೆಡೆಡ್ ವಿಷಯಗಳನ್ನು ಗಟ್ಟಿ ಮಾಡಿಕೊಳ್ಳುವುದು ಜಾಣತನ ಎಂದು ನನಗನ್ನಿಸುತ್ತದೆ.

ಇನ್ನೊಂದು ಸಂಬಂಧ ನಮ್ಮ ಮೊದಲ ಸಂಬಳದ್ದು. ಕೆಲಸ ಸಿಕ್ಕ ತಕ್ಷಣ ಸಾಲ ಮಾಡಿ ಕಾರು ಕೊಳ್ಳುವ ಕನಸು ನಮ್ಮಲ್ಲಿ ಅನೇಕರಿಗಿದೆ. ಶೋರೂಮ್ ಬೆಲೆ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ ಅದರ ಮೇಲೆ ಶೇ 14ರ ಆಜೀವ ತೆರಿಗೆ ಬೇರೆ. ಅದನ್ನು ಕೈಯಿಂದ ಕಟ್ಟಿ, 10 ಲಕ್ಷ ಪೂರ್ತಿ ಸಾಲ ಮಾಡಿ ಶೇ 9ರ ಬಡ್ಡಿಯಲ್ಲಿ ಏಳು ವರ್ಷದ ಕಂತು ಹಾಕಿಕೊಂಡರೆ ತಿಂಗಳಿಗೆ ಸುಮಾರು 16,100 ರೂಪಾಯಿ. ಮೂರು ವರ್ಷ ತಪ್ಪದೆ ಕಟ್ಟಿದ ಮೇಲೂ ಉಳಿಯುವ ಸಾಲ ಸುಮಾರು 6.46 ಲಕ್ಷ. ವಿಮೆಯ ಸವಕಳಿ ಪಟ್ಟಿಯಲ್ಲಿ ಮೂರು ವರ್ಷ ದಾಟಿದ ವಾಹನಕ್ಕೆ ಕಳೆಯುವುದು ಶೇ 40. ಅಂದರೆ ಕಾರಿನ ವಿಮಾ ಮೌಲ್ಯ 6 ಲಕ್ಷ. ಕಾರಿಗಿಂತ ಸಾಲವೇ ದೊಡ್ಡದು!

ಕಾರು ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ನನಗೂ ಆಸೆಯಿದೆ. ಕೊಳ್ಳುವ ಮೊದಲು ಎರಡು ಸಾಲಿನ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿ, ಅಷ್ಟೇ. ಕೋಟ್ಯಧಿಪತಿಗೆ ಟೈಕಾನ್ ಮೇಲೆ ಅರವತ್ತು ಲಕ್ಷ ಹೋದರೆ ಇನ್ನೊಂದು ಕಾರು ಬರುತ್ತದೆ. ನಮಗೆ ಹೋಗುವುದು ಕೆಲಸ ಬದಲಿಸುವ, ಎಂಟೆಕ್‌ಗೆ ಹೋಗುವ, ಮನೆಗೆ ದುಡ್ಡು ಕಳಿಸುವ ಸ್ವಾತಂತ್ರ್ಯ. ಅದನ್ನು ಯಾವ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲೂ ಮಾರುವುದಿಲ್ಲ.