ಸಂತಾನೋತ್ಪತ್ತಿ ತಂತ್ರಜ್ಞಾನ ಮತ್ತು ಜೈವಿಕ ಲಿಂಗ: ಒಂದು ವಿವೇಚನೆ

ಮುಂಬರುವ ಸಂತಾನೋತ್ಪತ್ತಿ ತಂತ್ರಜ್ಞಾನವು ಗಂಡು ಹೆಣ್ಣೆಂಬ ಭೇದವನ್ನೇ ಅಪ್ರಸ್ತುತಗೊಳಿಸಬಲ್ಲುದೆ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಚರ್ಚಿಸಹೊರಟಾಗ ಮೊದಲಿಗೆ ಎದುರಾಗುವುದು ಪರಿಭಾಷೆಯ ತೊಡಕು. ನಮ್ಮಲ್ಲಿ ‘ಲಿಂಗ’ವೆಂಬ ಒಂದೇ ಪದವು ಶರೀರದ ಭೇದವನ್ನೂ ಸಮಾಜವು ಅದಕ್ಕೆ ಆರೋಪಿಸುವ ಸ್ಥಾನಮಾನವನ್ನೂ ಸೂಚಿಸುತ್ತದೆ. ಇಲ್ಲಿ ಮೊದಲನೆಯದನ್ನು ‘ಜೈವಿಕ ಲಿಂಗ’ವೆಂದೂ ಎರಡನೆಯದನ್ನು ‘ಲಿಂಗತ್ವ’ವೆಂದೂ ಕರೆದಿದ್ದೇವೆ.

ಸಂತಾನೋತ್ಪತ್ತಿಯಲ್ಲಿ ಜೈವಿಕ ಲಿಂಗದ ಪಾತ್ರ ಎರಡು ಬಗೆಯದು: ಅಂಡಾಣು ಅಥವಾ ವೀರ್ಯಾಣುವನ್ನು ಒದಗಿಸುವುದು ಮತ್ತು ಗರ್ಭವನ್ನು ಹೊರುವುದು. ಮೊದಲನೆಯದಕ್ಕೆ ಸಂಬಂಧಿಸಿದ ಮುಖ್ಯ ಪ್ರಯೋಗಗಳು ಜಪಾನಿನಲ್ಲಿ ನಡೆದಿವೆ. ೨೦೦೪ರಲ್ಲಿ ತೊಮೊಹಿರೊ ಕೊನೊ ಮತ್ತು ಸಂಗಡಿಗರು ಎರಡು ಅಂಡಾಣುಗಳ ಅಂಶಗಳನ್ನು ಕೂಡಿಸಿ, ತಂದೆಯಿಲ್ಲದ ‘ಕಗುಯ’ ಎಂಬ ಇಲಿಯನ್ನು ಪಡೆದರು. ಕೆಲವು ವಂಶವಾಹಿಗಳು ತಂದೆಯಿಂದ ಬಂದಾಗ ಮಾತ್ರ, ಮತ್ತೆ ಕೆಲವು ತಾಯಿಯಿಂದ ಬಂದಾಗ ಮಾತ್ರ ಕಾರ್ಯಶೀಲವಾಗುವುದರಿಂದ, ವಂಶವಾಹಿಯ ಮಾರ್ಪಾಡಿಲ್ಲದೆ ಇದು ಸಾಧ್ಯವಾಗಲಿಲ್ಲ. ೨೦೨೩ರಲ್ಲಿ ಕತ್ಸುಹಿಕೊ ಹಯಾಶಿಯವರ ತಂಡವು ಗಂಡಿಲಿಯ ಜೀವಕೋಶಗಳಿಂದಲೇ ಅಂಡಾಣುವನ್ನು ರೂಪಿಸಿತು. ಹೆಣ್ಣಿಲಿಗಳ ಗರ್ಭದಲ್ಲಿರಿಸಿದ ೬೩೦ ಭ್ರೂಣಗಳಲ್ಲಿ ಜನಿಸಿದ ಮರಿಗಳು ೭ ಮಾತ್ರ. ಇಲ್ಲಿ ಸಡಿಲಗೊಂಡದ್ದು ಶರೀರಕ್ಕೂ ಅದು ಒದಗಿಸುವ ಕಣಕ್ಕೂ ಇದ್ದ ನಂಟು. ಗರ್ಭ ಹೊರುವ ಹೊಣೆ ಹೆಣ್ಣಿನದಾಗಿಯೇ ಉಳಿಯಿತು.

ಆ ಹೊಣೆಯೂ ಮುಂದೊಮ್ಮೆ ಶರೀರದಿಂದ ಹೊರಹೋಗಬಹುದೆಂದು ಜೆ.ಬಿ.ಎಸ್. ಹಾಲ್ಡೇನ್ ೧೯೨೩ರಷ್ಟು ಹಿಂದೆಯೇ ಊಹಿಸಿದ್ದರು. ೨೦೧೭ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾದ ಸಂಶೋಧಕರು ಕುರಿಯ ಭ್ರೂಣಗಳನ್ನು ದ್ರವ ತುಂಬಿದ ಚೀಲದಲ್ಲಿ ನಾಲ್ಕು ವಾರಗಳವರೆಗೆ ಪೋಷಿಸಿದರು. ಆದರೆ ಅವು ಅದಕ್ಕೂ ಮುನ್ನ ನೂರಕ್ಕೂ ಹೆಚ್ಚು ದಿನ ತಾಯಿಯ ಗರ್ಭದಲ್ಲಿ ಬೆಳೆದಿದ್ದವೆಂಬುದನ್ನು ಮರೆಯಲಾಗದು.

ಪ್ರಯೋಗಾಲಯದ ಈ ಸಾಧ್ಯತೆಗಳ ಎದುರಿಗೆ ನಮ್ಮ ದೇಶದ ಅನುಭವವನ್ನು ಇರಿಸಿ ನೋಡುವುದು ಅಗತ್ಯ. ವಂಶಪಾರಂಪರ್ಯ ದೋಷಗಳ ಪತ್ತೆಗೆಂದು ಬಂದ ಗರ್ಭಜಲ ಪರೀಕ್ಷೆಯು ಇಲ್ಲಿ ಹೆಣ್ಣುಭ್ರೂಣದ ಹತ್ಯೆಗೆ ಸಾಧನವಾಯಿತು. ಮಹಾರಾಷ್ಟ್ರವು ೧೯೮೮ರಲ್ಲಿ, ಕೇಂದ್ರ ಸರ್ಕಾರವು ೧೯೯೪ರಲ್ಲಿ ಇದರ ನಿಯಂತ್ರಣಕ್ಕೆ ಕಾಯಿದೆ ತರಬೇಕಾಯಿತು. ಆದರೂ ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ೧೯೯೧ರಲ್ಲಿ ೯೪೫ರಷ್ಟಿದ್ದ ಹೆಣ್ಣುಮಕ್ಕಳ ಸಂಖ್ಯೆ ೨೦೦೧ರಲ್ಲಿ ೯೨೭ಕ್ಕೆ ಇಳಿಯಿತು. ೨೦೨೧ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆಯೂ ವಿಧವೆಗೆ ನೀಡಿದ ಅವಕಾಶವನ್ನು ವಿಧುರನಿಗೆ ನೀಡಲಿಲ್ಲ.

ಹೀಗೆ, ತಂತ್ರಜ್ಞಾನವು ಜೈವಿಕ ಲಿಂಗದ ಒಂದೊಂದು ಕಾರ್ಯವನ್ನು ಶರೀರದಿಂದ ಬೇರ್ಪಡಿಸಬಹುದು. ಲಿಂಗತ್ವದ ತಾರತಮ್ಯವನ್ನು ಅದು ತಾನಾಗಿಯೇ ಅಳಿಸಲಾರದು. ಹುಟ್ಟುವ ಮುನ್ನವೇ ಹೆಣ್ಣನ್ನು ನಿರಾಕರಿಸುವ ಸಮಾಜದ ಕೈಗೆ ಹೊಸ ಉಪಕರಣ ಬಂದಾಗ ಅದು ಯಾರ ಬಿಡುಗಡೆಗೆ ಒದಗೀತೆಂಬುದೇ ನಿಜವಾದ ಪ್ರಶ್ನೆ. ಜೀವವಿಜ್ಞಾನಿಗಳೊಡನೆ ಸಮಾಜ ಹಾಗೂ ಭಾಷೆಗಳ ಅಧ್ಯಯನಕಾರರೂ ಇದನ್ನು ಎತ್ತಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.