ಗರಗಸಕ್ಕೆ ಒಗ್ಗುವ ಪ್ಲಾಸ್ಟಿಕ್ ಹಲಗೆ

ಮಲೆನಾಡಿನ ಮಳೆ ಕಂಡವರಿಗೆ ಅಂಗಳದ ಮರದ ಬೆಂಚಿನ ಆಯುಸ್ಸು ಎಷ್ಟೆಂದು ಹೇಳಬೇಕಿಲ್ಲ. ಮೊದಲು ಕಾಲಿನ ಬುಡ ಮೆತ್ತಗಾಗುತ್ತದೆ, ಆಮೇಲೆ ಗೆದ್ದಲು ಹತ್ತುತ್ತದೆ. ನಮ್ಮ ಮನೆಯ ಮೂರನೇ ಬೆಂಚು ಹೀಗೆ ಮಣ್ಣುಪಾಲಾದ ಮೇಲೆ, ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ ಬೂದು ಬಣ್ಣದ ಹಲಗೆಗಳನ್ನು ತಂದು ಆಚಾರ್ರ ಮುಂದಿಟ್ಟೆ. ಅವರು ಬೆರಳಗಂಟಿನಿಂದ ಕುಟ್ಟಿ, ಎತ್ತಿ ತೂಗಿ ನೋಡಿದರು. "ಇದಕ್ಕೆ ಬೇರೆ ಹತ್ಯಾರ ಬೇಕಲ್ಲ ಮಾರಾಯ್ರೆ?"

ಬೇಕಾಗಲಿಲ್ಲ. ಅವರ ಗರಗಸ, ಡ್ರಿಲ್, ಕೀಸುಳಿ, ಮೂಲೆಮಟ್ಟಗಳೇ ಸಾಕಾದವು. ಬದಲಾಗಬೇಕಾದದ್ದು ಕೈಯ ರೂಢಿ.

ಇಂಥ ಹಲಗೆಗಳ ಮುಖ್ಯ ಸರಕು ಎಚ್‌ಡಿಪಿಇ. ಶಾಂಪೂ ಬಾಟಲಿಯನ್ನೋ ಫಿನಾಯಿಲ್ ಡಬ್ಬಿಯನ್ನೋ ಮಗುಚಿದರೆ ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಕಾಣುತ್ತದಲ್ಲ, ಅದೇ ಜಾತಿ. ಡಬ್ಬಿಗಳನ್ನು ತೊಳೆದು, ಚೂರು ಮಾಡಿ, ಕರಗಿಸಿ, ಬಣ್ಣವನ್ನೂ ಬಿಸಿಲು ತಾಳುವ ರಾಸಾಯನಿಕವನ್ನೂ ಬೆರೆಸಿ ಅಚ್ಚಿನಿಂದ ಹೊರದೂಡುತ್ತಾರೆ. ಅಮೆರಿಕದಲ್ಲಿ ಹಾಲು ಗ್ಯಾಲನ್ ಡಬ್ಬಿಗಳಲ್ಲಿ ಬರುವುದರಿಂದ ಅಲ್ಲಿ ಈ ಸರಕಿಗೆ ಬರವಿಲ್ಲ. ಇಂಡಿಯಾನಾ ರಾಜ್ಯದಲ್ಲಿ 1990ರಲ್ಲಿ ಶುರುವಾದ ಪಾಲಿವುಡ್ ಕಂಪನಿ ಆ ಡಬ್ಬಿಗಳಿಂದಲೇ ತೋಟದ ಕುರ್ಚಿಗಳನ್ನು ಮಾಡುತ್ತ ಬಂದಿದೆ. ಸ್ಕಾಟ್ಲೆಂಡಿನಲ್ಲಿ ಟ್ವೀಡ್ ನದಿಗೆ 2011ರಲ್ಲಿ ಮರುಬಳಕೆಯ ಪ್ಲಾಸ್ಟಿಕ್ಕಿನ ಸೇತುವೆಯನ್ನೇ ಕಟ್ಟಿದರು, ಉದ್ದ ಸುಮಾರು 30 ಮೀಟರ್. ಸೇತುವೆಯ ತೊಲೆಗೆ ಬಲ ಕೊಡಲು ಬೇರೆ ಮಿಶ್ರಣ ಬೇಕು, ಅದು ಇನ್ನೊಂದೇ ವಿದ್ಯೆ. ಬೆಂಚಿಗೆ ಅಷ್ಟೆಲ್ಲ ಬೇಡ.

ಕೊಯ್ಯುವಾಗಲೇ ಮೊದಲ ಪಾಠ. ಈ ಪ್ಲಾಸ್ಟಿಕ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸಣ್ಣ ಹಲ್ಲುಗಳು ಒತ್ತೊತ್ತಾಗಿರುವ ಬ್ಲೇಡನ್ನು ಜೋರಾಗಿ ತಿರುಗಿಸಿ ನಿಧಾನಕ್ಕೆ ನೂಕಿದರೆ ತಿಕ್ಕಾಟದ ಕಾವಿಗೇ ಹೊಟ್ಟು ಕರಗಿ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಹಲ್ಲು ಕಡಿಮೆಯಿರುವ, ತುದಿಗೆ ಕಾರ್ಬೈಡ್ ಕೂರಿಸಿದ ಬ್ಲೇಡು ಹಾಕಿ, ಎಲ್ಲೂ ತಡೆಯದೆ ಒಂದೇ ಸಮ ನೂಕಬೇಕು. ದೊಡ್ಡ ಹಲ್ಲಿನ ಕೈಗರಗಸವಂತೂ ಇದಕ್ಕೇ ಹುಟ್ಟಿದಂತೆ ಓಡುತ್ತದೆ. ಎಳೆಯೇ ಇಲ್ಲದ ವಸ್ತು ಇದು. ಗಂಟಿಲ್ಲ, ಸೀಳಿಲ್ಲ, ಕೈಗೆ ಚುಚ್ಚುವ ಸಿಬಿರಿಲ್ಲ. ಕೀಸುಳಿ ಹಾಕಿದರೆ ಉದ್ದುದ್ದ ರಿಬ್ಬನ್ನಿನಂಥ ಸುರುಳಿ ಏಳುತ್ತದೆ. ಅಂಚು ನಯವಾಗಬೇಕಾದರೆ ಹರಿತವಾದ ಉಕ್ಕಿನ ಪಟ್ಟಿಯಿಂದ ಕೆರೆಯಬೇಕು. ಸ್ಯಾಂಡ್‌ಪೇಪರ್ ಉಜ್ಜಿದರೆ ಕಾವಿಗೆ ಜುಂಗು ಏಳುತ್ತದಷ್ಟೆ.

ಕೂಡಿಸುವ ಹೊತ್ತಿಗೆ ಆಚಾರ್ರು ಅಭ್ಯಾಸಬಲದಿಂದ ಫೆವಿಕಾಲ್ ಡಬ್ಬಿಗೆ ಕೈಹಾಕಿದರು. ಮರಕ್ಕೆ ಅಂಟು ಹಿಡಿಯುವುದು ಅದು ಎಳೆಗಳೊಳಗೆ ಇಳಿಯುವುದರಿಂದ. ಇಲ್ಲಿ ಇಳಿಯಲು ದಾರಿಯೇ ಇಲ್ಲ. ಒಣಗಿದ ಮೇಲೆ ಉಗುರಿನಿಂದ ಎಬ್ಬಿಸಿದರೆ ಸಿಪ್ಪೆಯಂತೆ ಕಿತ್ತುಬರುತ್ತದೆ. ಬಣ್ಣದ ಗತಿಯೂ ಇದೇ, ಆದ್ದರಿಂದಲೇ ಬಣ್ಣವನ್ನು ಹಲಗೆಯ ಹೊಟ್ಟೆಯೊಳಗೇ ಬೆರೆಸಿರುತ್ತಾರೆ. ಹಾಗಾಗಿ ಎಲ್ಲ ಭಾರವೂ ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ, ಬೋಲ್ಟುಗಳ ಮೇಲೆ.

ಆ ಸ್ಕ್ರೂ ಹಾಕುವಲ್ಲಿಯೇ ಈ ಕಸುಬಿನ ಗುಟ್ಟಿದೆ ಎಂದು ನನಗೆ ಅನ್ನಿಸುತ್ತದೆ. ಮರ ನೀರಿಗೆ ಉಬ್ಬುತ್ತದೆ, ಅದೂ ಅಗಲಕ್ಕೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಅದಕ್ಕೇ. ಬಡಗಿಯ ಲೆಕ್ಕಾಚಾರವೆಲ್ಲ ಆ ಉಬ್ಬಿನ ಸುತ್ತ ಬೆಳೆದು ಬಂದದ್ದು. ಪ್ಲಾಸ್ಟಿಕ್ ಹಲಗೆಗೆ ನೀರು ಲೆಕ್ಕಕ್ಕಿಲ್ಲ, ಅದು ಬಿಸಿಲಿಗೆ ಬೆಳೆಯುತ್ತದೆ, ಅದೂ ಉದ್ದಕ್ಕೆ. ಮೂರು ಮೀಟರಿನ ಹಲಗೆ ಬೆಳಗಿನ ತಂಪಿನಿಂದ ನಡುಹಗಲಿನ ಬಿಸಿಲಿಗೆ ಮೂವತ್ತು ಡಿಗ್ರಿ ಕಾದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದವಾಗಬಹುದು. ಸಂಜೆ ತಣಿದಂತೆ ಮತ್ತೆ ಕುಗ್ಗುತ್ತದೆ. ಎರಡೂ ತುದಿಯನ್ನು ಬಿಗಿದು ಕೂರಿಸಿದರೆ ನಡು ಬಿಲ್ಲಿನಂತೆ ಏಳುತ್ತದೆ. ಹಾಗಾಗಿ ಒಂದು ಕಡೆ ಬಿಗಿಮಾಡಿ, ಉಳಿದ ಕಡೆ ತೂತನ್ನು ಉದ್ದುದ್ದಕ್ಕೆ ಕೊರೆದು, ವಾಷರ್ ಇಟ್ಟು, ಹಲಗೆ ಜಾರಾಡುವಷ್ಟು ಮಾತ್ರ ತಿರುಪಬೇಕು. ಸ್ಕ್ರೂವನ್ನು ಕೊನೆಯ ಸುತ್ತಿನವರೆಗೆ ಬಿಗಿಯುವುದೇ ಮರ್ಯಾದೆ ಎಂದು ನಂಬಿದ ಕೈಗೆ ಇದು ಕಷ್ಟ. ಆಚಾರ್ರು ಎರಡು ಸಲ ಬಿಗಿದು, ಎರಡು ಸಲ ಸಡಿಲಿಸಿದರು.

ಇನ್ನೊಂದು ದೌರ್ಬಲ್ಯವನ್ನೂ ಹೇಳಬೇಕು. ತೇಗದ ಬಿಗಿತದ ಹತ್ತರಲ್ಲೊಂದು ಪಾಲೂ ಇದಕ್ಕಿರುವುದು ಅನುಮಾನ. ಭಾರ ಬಹಳ ಕಾಲ ಕೂತರೆ ಮೆಲ್ಲಗೆ ಬಾಗಿ, ಬಾಗಿದಂತೆಯೇ ಉಳಿದುಬಿಡುತ್ತದೆ. ನಾವು ಒಂದೂಕಾಲು ಅಡಿಗೊಂದರಂತೆ ಅಡ್ಡಪಟ್ಟಿ ಕೊಟ್ಟೆವು. ಮರವಾಗಿದ್ದರೆ ಎರಡು ಪಟ್ಟಿ ಉಳಿಯುತ್ತಿತ್ತು. ಪುಸ್ತಕದ ಕಪಾಟಿಗೆ, ಮಹಡಿಯ ತೊಲೆಗೆ ಈ ಹಲಗೆಯನ್ನು ನಾನು ಯಾರಿಗೂ ಸೂಚಿಸಲಾರೆ. ಅಂಗಳದ ಬೆಂಚು, ಬೇಲಿ, ಗಿಡದ ತೊಟ್ಟಿ, ಬಾವಿಕಟ್ಟೆಯ ಪಕ್ಕದ ಮಣೆ, ಹೀಗೆ ನೀರು ಮಣ್ಣು ತಾಗುವ ಕಡೆಗೆಲ್ಲ ಹೇಳಿಮಾಡಿಸಿದ್ದು.

ಸಂಜೆ ಕೆಲಸ ಮುಗಿಯುವಾಗ ಆಚಾರ್ರ ಮನೆಯವರು ಎಂದಿನಂತೆ ಬುಟ್ಟಿ ಹಿಡಿದು ಬಂದರು. ಕೀಸುಳಿಯ ಸಿಪ್ಪೆ ಬಚ್ಚಲೊಲೆಗೆ ಹೋಗುವುದು ಆ ಮನೆಯ ವಾಡಿಕೆ. "ಇದು ಒಲೆಗೆ ಬೇಡ, ಹೊಗೆ ಕೆಟ್ಟದ್ದು," ಎಂದು ಆಚಾರ್ರೇ ತಡೆದರು. ಮಣ್ಣಿಗೆ ಬಿದ್ದರೂ ಅದು ಕರಗುವುದಿಲ್ಲ, ಚೂರಿನ ಚೂರಾಗಿ ಮಳೆನೀರಿನೊಂದಿಗೆ ಹಳ್ಳ ಸೇರುತ್ತದೆ. ನಾವು ಕೊಯ್ಯುವ ಮುಂಚೆಯೇ ಟಾರ್ಪಾಲು ಹಾಸಿಕೊಂಡಿದ್ದೆವು. ಅದರ ನಾಲ್ಕು ಮೂಲೆ ಎತ್ತಿ, ಅಂಗೈಗೆ ಅಂಟಿ ಬಿಡದ ಪುಡಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲವನ್ನೂ ಒಂದು ಗೋಣಿಗೆ ತುಂಬಿದೆವು. ತುಂಡುಗಳನ್ನೂ ಸೇರಿಸಿ ಅರ್ಧ ಚೀಲವಾಯಿತು. ಮರುದಿನ ಅದನ್ನು ಹಲಗೆ ಕೊಟ್ಟವರಿಗೇ ಹಿಂತಿರುಗಿಸಿದೆ. ಒಂದೇ ಜಾತಿಯ ಪ್ಲಾಸ್ಟಿಕ್ಕಾದ್ದರಿಂದ ಅದನ್ನು ಮತ್ತೆ ಕರಗಿಸಬಹುದು.