ಹಾರ-ಶಾಲಿನಾಚೆಯ ಗೌರವ

ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥ, ಕೊಡಗಿನ ಕೆ.ಎಂ. ಕಾರ್ಯಪ್ಪ ನಿವೃತ್ತರಾದದ್ದು 1953ರ ಜನವರಿ 14ರಂದು. ಆ ದಿನವೇ ಈಗ ಮಾಜಿ ಸೈನಿಕರ ದಿನ. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ತಾಲ್ಲೂಕುಗಳಲ್ಲಿ ಅಂದು ಹಾರ, ಶಾಲು ಹಾಕಿದರೆ ಸಾಕೇ? ಅನೇಕ ಸಿಪಾಯಿಗಳು ನಲವತ್ತರ ಆಸುಪಾಸಿನಲ್ಲೇ ಸಮವಸ್ತ್ರ ಕಳಚುತ್ತಾರೆ. ಮಕ್ಕಳ ಓದು, ಮನೆಯ ಸಾಲ ಎರಡೂ ತಲೆಯ ಮೇಲಿರುವ ವಯಸ್ಸು ಅದು. ಅವರಿಗೆ ಬೇಕಾದದ್ದು ಎರಡನೇ ನೌಕರಿ, ಹತ್ತಿರದಲ್ಲೇ ಚಿಕಿತ್ಸೆ, ಅಲೆದಾಡಿಸದ ಕಚೇರಿ.

“ಪಿಂಚಣಿ ಇದೆಯಲ್ಲ, ರೈತ ದುಡಿಯುವುದಿಲ್ಲವೇ?” ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಿಂಚಣಿ ಸಲ್ಲಿಸಿದ ಸೇವೆಯ ಹಕ್ಕು. ಗೌರವ ಅದಕ್ಕಿಂತ ಬೇರೆ. ರೈತನನ್ನು ಮನ್ನಿಸುವುದಕ್ಕೂ ಇದಕ್ಕೂ ಪೈಪೋಟಿಯಿಲ್ಲ. 2016ರಲ್ಲಿ ಸಿಯಾಚಿನ್ ಹಿಮಪಾತದ ನಂತರ ಮಡಿದ, ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಾಡೇ ಮರುಗಿತು. ಬದುಕಿ ಮರಳಿದವರ ಸೇವೆಯನ್ನೂ ಪ್ರತಿ ಗ್ರಾಮ ಪಂಚಾಯಿತಿ ಬರೆದಿಡಲಿ. ನೆನಪಿಗೆ ಸಾವು ಷರತ್ತಾಗಬಾರದು.